ಭಯ, ಅದ್ಭುತ, ಇತಿಹಾಸ: ವಾಚಕರೊಬ್ಬರ ವಾದ

ಹಲಸೂರಿನ ವಾಚಕ ಮಹಾಶಯರೊಬ್ಬರು ಇತ್ತೀಚಿನ ಕನ್ನಡ ಕಾದಂಬರಿಗಳ ವಿಷಯವಾಗಿ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಅವರು ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದು ಈಗ ವಿಶ್ರಾಂತಿವೇತನವನ್ನು ಪಡೆಯುತ್ತಿರುವ ಗೃಹಸ್ಥರು. ತಾವು ಪಂಡಿತರಲ್ಲವೆಂದು ಮೊದಲನೆಯ ಪಂಕ್ತಿಯಲ್ಲಿಯೇ ಹೇಳಿಕೊಂಡಿರುವರು. ಆದರೆ ಅವರ ಓದಿನ ವಿಸ್ತಾರವನ್ನೂ ಉತ್ಸಾಹವನ್ನೂ ನೋಡಿದರೆ ಪಂಡಿತರಲ್ಲಿ ಅನೇಕರು ನಾಚಬೇಕಾದೀತು. ಮೈ ಜುಮ್ಮೆನ್ನಿಸುವ ಭೂತಪ್ರೇತಗಳ ಕಥೆ, ಇಲ್ಲದ ಲೋಕವನ್ನು ಇದ್ದಂತೆ ತೋರಿಸುವ ಅದ್ಭುತ ಕಥೆ, ಅಳಿದ ರಾಜ್ಯಗಳನ್ನು ಎಬ್ಬಿಸಿ ನಡೆಸುವ ಐತಿಹಾಸಿಕ ಕಥೆ, ಈ ಮೂರೇ ಕಾದಂಬರಿಯ ನಿಜವಾದ ಹೊಲಗಳೆಂದೂ, ಉಳಿದುದೆಲ್ಲವೂ ನೆರೆಮನೆಯ ಜಗಳವನ್ನು ಗೋಡೆಗೆ ಕಿವಿಯಿಟ್ಟು ಕೇಳಿದಂತೆಂದೂ ಅವರ ಅಭಿಪ್ರಾಯ. ಇಂತಹ ಪುಸ್ತಕಗಳನ್ನು ವಿಮರ್ಶಕರು ಹುಡುಗಾಟಿಕೆಯೆಂದು ತಳ್ಳಿಹಾಕುವುದೇಕೆ, ಪತ್ರಿಕೆಗಳು ಅವಕ್ಕೆ ಸ್ಥಳ ಕೊಡದಿರುವುದೇಕೆ, ತಮ್ಮ ಭಾಗದ ಅಂಗಡಿಗಳಲ್ಲಿ ಅವು ಕಣ್ಣಿಗೆ ಬೀಳದಿರುವುದೇಕೆ ಎಂದು ಅವರು ಮೂರು ಪ್ರಶ್ನೆಗಳನ್ನು ಕೇಳಿರುವರು. ಮೂರೂ ಉತ್ತರಕ್ಕೆ ಅರ್ಹವಾದ ಪ್ರಶ್ನೆಗಳು.

ಮೊದಲನೆಯದನ್ನು ವಿಚಾರಿಸೋಣ. ಭಯಾನಕವೂ ಅದ್ಭುತವೂ ಕೀಳಾದ ರಸಗಳೆಂದು ನಮ್ಮ ಹಿರಿಯರು ಎಲ್ಲಿಯೂ ಹೇಳಿಲ್ಲ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಇವೆರಡೂ ಸೇರಿವೆ. ಶಾಂತವೇ ತರುವಾಯ ಬಂದು ಒಂಬತ್ತನೆಯದಾಗಿ ಕುಳಿತದ್ದು. ಗುಣಾಢ್ಯನ ಬೃಹತ್ಕಥೆಯು ಪೈಶಾಚೀ ಭಾಷೆಯಲ್ಲಿ ರಚಿತವಾಯಿತೆಂದು ಪ್ರತೀತಿ. ಆ ಕಥೆಯನ್ನು ದೇವಭಾರತಿಗೆ, ಎಂದರೆ ಸಂಸ್ಕೃತಕ್ಕೆ, ತಂದವನು ನಮ್ಮ ಗಂಗವಂಶದ ದುರ್ವಿನೀತನೆಂದು ಶಾಸನಗಳು ಸಾರುತ್ತವೆ. ಸಿಂಹಾಸನದ ಮೇಲೆ ಕುಳಿತ ಅರಸನೇ ಈ ಕಥಾರಾಶಿಯನ್ನು ಕೈಗೆತ್ತಿಕೊಂಡ ನಾಡಿನಲ್ಲಿ, ಅದೇ ಬಗೆಯ ಕಥೆಯನ್ನು ಬಸ್ಸಿನಲ್ಲಿ ಕುಳಿತು ಓದುವ ಗುಮಾಸ್ತನು ತನ್ನ ಪುಸ್ತಕದ ಮುಖಪುಟವನ್ನು ಮರೆಮಾಡಿಕೊಳ್ಳಬೇಕಾದ ಕಾರಣವೇನು?

ಅಷ್ಟೇ ಅಲ್ಲ. ‘ಕಾದಂಬರಿ’ ಎಂಬ ಹೆಸರೇ ಒಂದು ಅದ್ಭುತ ಕಥೆಯಿಂದ ಬಂದದ್ದು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಬರೆದ ಗದ್ಯಕಾವ್ಯದ ನಾಯಿಕೆಯ ಹೆಸರನ್ನೇ ಕನ್ನಡಿಗರೂ ಮಹಾರಾಷ್ಟ್ರದವರೂ ಈ ಸಾಹಿತ್ಯಪ್ರಕಾರಕ್ಕೆ ಇಟ್ಟುಕೊಂಡರು. ಆ ಕಥೆಯಲ್ಲಿ ಗಿಣಿಯು ಮಾತನಾಡುವುದು, ಶಾಪಗಳು ಫಲಿಸುವುವು, ಪ್ರೇಮಿಗಳು ಜನ್ಮಾಂತರಗಳನ್ನು ದಾಟಿ ಕೂಡುವರು. ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಅದೇ ಬಾಣನು ತನ್ನ ಆಶ್ರಯದಾತನಾದ ಹರ್ಷನ ಚರಿತ್ರೆಯನ್ನೂ ಬರೆದಿರುವನು. ಅದ್ಭುತವೂ ಇತಿಹಾಸವೂ ಒಂದೇ ಲೇಖನಿಯಿಂದ ಹೊರಟುವೆಂದ ಮೇಲೆ, ನಮ್ಮ ವಾಚಕರ ಅಭಿರುಚಿಗೆ ಇದಕ್ಕಿಂತ ಹಳೆಯ ಹಕ್ಕುಪತ್ರವು ಬೇಕಿಲ್ಲ.

ಆಧುನಿಕ ಕನ್ನಡದಲ್ಲಿಯೂ ವಾಚಕವರ್ಗವನ್ನು ಕಟ್ಟಿಕೊಟ್ಟವು ಈ ಬಗೆಯ ಪುಸ್ತಕಗಳೇ. ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದರು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿದುದಲ್ಲದೆ, ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಬರೆದರು, ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಎನ್. ನರಸಿಂಹಯ್ಯನವರ ಐನೂರಕ್ಕೂ ಮಿಕ್ಕ ಪತ್ತೇದಾರಿ ಕಾದಂಬರಿಗಳು ಅಲ್ಪಸ್ವಲ್ಪ ಅಕ್ಷರ ಕಲಿತವರನ್ನೂ ಪುಸ್ತಕದಂಗಡಿಯ ಮೆಟ್ಟಲು ಹತ್ತಿಸಿದವು. 1949ರಿಂದ ಕನ್ನಡದಲ್ಲಿ ಹೊರಟ ‘ಚಂದಮಾಮ’ದ ಬೇತಾಳನು ಎಷ್ಟು ಮಕ್ಕಳಿಗೆ ಓದಿನ ರುಚಿಯನ್ನು ಹತ್ತಿಸಿದನೆಂಬುದನ್ನು ಲೆಕ್ಕವಿಡುವವರಿಲ್ಲ. ಮೆಟ್ಟಲನ್ನು ಹತ್ತಿ ಬಂದವರೇ ಮೆಟ್ಟಲನ್ನು ಹಳಿಯುವುದು ನ್ಯಾಯವಲ್ಲ.

ಈಗ ಐತಿಹಾಸಿಕ ಕಾದಂಬರಿಗಳಿಗೆ ಬರೋಣ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’, ಕೆ.ವಿ. ಅಯ್ಯರವರ ‘ಶಾಂತಲಾ’, ತ.ರಾ.ಸು. ಅವರ ‘ದುರ್ಗಾಸ್ತಮಾನ’, ಈ ಹಿರಿಯ ಕೃತಿಗಳನ್ನು ನಮ್ಮ ವಾಚಕರು ಹಲವು ಬಾರಿ ಓದಿರುವರು. ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಗಳಾಗಿದ್ದವರು. 1834ರಲ್ಲಿ ಕೊಡಗು ಆಂಗ್ಲರ ವಶವಾದ ಬಗೆಯನ್ನು ಬರೆಯುವಾಗ ಅರಸನ ದೋಷವನ್ನು ಮುಚ್ಚಲಿಲ್ಲ, ಆಂಗ್ಲರ ಉಪಾಯವನ್ನೂ ಮರೆಮಾಡಲಿಲ್ಲ. ಕಚೇರಿಯ ಕಡತಗಳನ್ನು ನೋಡಿ ಪಳಗಿದ ಕಣ್ಣು ಅಲ್ಲಿ ಕೆಲಸಮಾಡಿದೆ. ನಮ್ಮ ಅಧಿಕಾರಿವರ್ಗದವರು ಇದನ್ನು ಗಮನಿಸತಕ್ಕದ್ದು.

ಇತ್ತೀಚಿನವುಗಳಲ್ಲಿ ನಮ್ಮ ವಾಚಕರ ಅಗ್ರತಾಂಬೂಲವು ವಸುಧೇಂದ್ರರ ‘ತೇಜೋ ತುಂಗಭದ್ರಾ’ ಎಂಬ 2019ರ ಕಾದಂಬರಿಗೆ ಸಂದಿದೆ. ಪೋರ್ತುಗಾಲಿನ ತೇಜೋ ನದಿಯ ದಂಡೆಯಲ್ಲಿ ಒಂದು ಕಥೆ, ತುಂಗಭದ್ರೆಯ ದಂಡೆಯ ತೆಂಬಕಪುರದಲ್ಲಿ ಇನ್ನೊಂದು ಕಥೆ. ನಡುವೆ ಸಮುದ್ರ, ಮೆಣಸು, ಮತಾಂತರ, ಗೋವೆ. ಅರಸರನ್ನು ಹಿಂದಕ್ಕೆ ಸರಿಸಿ, ಅರಸರ ತೀರ್ಮಾನಗಳ ಕೆಳಗೆ ಸಿಕ್ಕಿ ನುಗ್ಗಾದ ಸಾಮಾನ್ಯರನ್ನು ಮುಂದಕ್ಕೆ ತಂದಿರುವುದೇ ಈ ಕೃತಿಯ ಹಿರಿಮೆಯೆಂದು ಅವರು ಬರೆದಿರುವರು. ನಾವು ಅದನ್ನು ಒಪ್ಪುವೆವು. ಲಿಸ್ಬನ್ನಿನಲ್ಲಿ ಯಹೂದ್ಯರಿಗೆ ಆದುದನ್ನೂ ತುಂಗಭದ್ರೆಯ ದಡದಲ್ಲಿ ಹೆಂಗಸರಿಗೆ ಆದುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯವು ಎಲ್ಲರಿಗೂ ಬರತಕ್ಕದ್ದಲ್ಲ. ವಿಜಯನಗರವೆಂದರೆ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದ ಬೀದಿಯೆಂದು ಮಾತ್ರ ನಂಬಿದವರಿಗೆ ಈ ಪುಸ್ತಕವು ಕೊಂಚ ಕಹಿಯಾಗಬಹುದು, ಔಷಧವೂ ಕಹಿಯೇ.

ಎರಡನೆಯ ಸ್ಥಾನವನ್ನು ಅವರು ಕೆ.ಎನ್. ಗಣೇಶಯ್ಯನವರಿಗೆ ಕೊಟ್ಟಿರುವರು. ಇವರು ವೃತ್ತಿಯಿಂದ ಕೃಷಿವಿಜ್ಞಾನಿಗಳು. ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ ಮೊದಲಾದ ಪುಸ್ತಕಗಳಲ್ಲಿ ಶಾಸನ, ಶಿಲ್ಪ, ನಿಧಿ, ಕೊಲೆ, ಪತ್ತೇದಾರಿಗಳನ್ನು ಒಂದೇ ಹುರಿಯಲ್ಲಿ ಹೊಸೆದಿರುವರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ಆಕೆಯನ್ನು ಕುರಿತು ಗಣೇಶಯ್ಯನವರು ‘ಬಳ್ಳಿಕಾಳ ಬೆಳ್ಳಿ’ಯನ್ನೂ, ಗಜಾನನ ಶರ್ಮರು ‘ಚೆನ್ನಭೈರಾದೇವಿ’ಯನ್ನೂ ಬರೆದಿರುವರು. ಒಬ್ಬಳೇ ರಾಣಿಯನ್ನು ಇಬ್ಬರು ಬೇರೆಬೇರೆಯಾಗಿ ಕಂಡುದು ಸಾಹಿತ್ಯಕ್ಕೆ ಲಾಭವೇ. ಶಾಲೆಯ ಪಾಠದಲ್ಲಿ ಒಂದು ಪಂಕ್ತಿಯೂ ದೊರೆಯದ ಅರಸಿಯೊಬ್ಬಳು ಈಗ ಮನೆಮಾತಾಗಿರುವಳೆಂದರೆ, ಆ ಉಪಕಾರವನ್ನು ಮಾಡಿದವರು ಕಾದಂಬರಿಕಾರರು.

ಅದ್ಭುತದ ವಿಷಯದಲ್ಲಿ ಅವರ ಮೆಚ್ಚುಗೆಯು ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ಕ್ಕೆ ಸಂದಿದೆ. ಶಿವಾಪುರವೆಂಬ ಊರು ಯಾವ ನಕ್ಷೆಯಲ್ಲಿಯೂ ಇಲ್ಲ. ಆದರೆ ಕಂಬಾರರನ್ನು ಓದಿದವರಿಗೆ ಅದರ ಓಣಿಗಳು ತಮ್ಮ ಊರಿನ ಓಣಿಗಳಿಗಿಂತ ಚೆನ್ನಾಗಿ ಗೊತ್ತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೂಡ ಒಂದು ರೀತಿಯಲ್ಲಿ ಅದ್ಭುತ ಕಥೆಯೇ ಎಂದು ನಮ್ಮ ವಾಚಕರು ವಾದಿಸಿರುವರು. ಮುಟ್ಟಿದ ವಸ್ತುವಿನ ಹಿಂದಿನ ಕಥೆಯನ್ನೆಲ್ಲ ಕಾಣಬಲ್ಲ ಮುದುಕಿಯನ್ನು ಮಂತ್ರಗಾತಿಯೆಂದು ಹೆದರಿಸದೆ, ಇಡೀ ಮಾನವ ಚರಿತ್ರೆಗೆ ಸಾಕ್ಷಿಯನ್ನಾಗಿ ಕೂರಿಸಿದ ಕಾರಂತರಿಗೆ 1977ರಲ್ಲಿ ಜ್ಞಾನಪೀಠವು ದೊರೆಯಿತು. ವಿಮರ್ಶಕರು ಅದನ್ನು ಅದ್ಭುತವೆಂದು ಕರೆಯದೆ ತತ್ತ್ವವೆಂದು ಕರೆದ ಮಾತ್ರಕ್ಕೆ ಅಜ್ಜಿಯ ಶಕ್ತಿಯು ಮಾಯವಾಗುವುದೇ ಎಂದು ಅವರು ಕೇಳುವರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ, ಪ್ರಶ್ನೆಯೇ ಸರಿಯಾಗಿದೆ.

ಭಯಾನಕದ ಫಸಲು ಮಾತ್ರ ಕನ್ನಡದಲ್ಲಿ ತೆಳುವಾಗಿದೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವು ಅನುವಾದವಾಗಿ ಬಂದು ಮನೆಮನೆಯನ್ನೂ ನಡುಗಿಸಿತು, 1985ರಲ್ಲಿ ಅದೇ ಹೆಸರಿನ ಚಲನಚಿತ್ರವೂ ಬಂದಿತು. ರವಿ ಬೆಳಗೆರೆಯವರ ‘ಮಾಟಗಾತಿ’, ‘ಸರ್ಪ ಸಂಬಂಧ’ಗಳು ಆ ದಾರಿಯಲ್ಲಿ ನಡೆದವು. ಈ ಪುಸ್ತಕಗಳನ್ನು ಓದಿ ದೀಪವನ್ನು ಆರಿಸದೆ ಮಲಗಿದ ರಾತ್ರಿಗಳನ್ನು ನಮ್ಮ ವಾಚಕರು ಬಿರುದಿನಂತೆ ಎಣಿಸಿಕೊಂಡಿರುವರು. ಅವರ ವಾದವಿದು: ಪುಸ್ತಕದಲ್ಲಿ ಹೆದರಿದವನು ಬೀದಿಯಲ್ಲಿ ಹೆದರುವುದಿಲ್ಲ.

ಇಲ್ಲಿ ನಾವು ಅವರೊಡನೆ ಅರ್ಧ ದಾರಿಯನ್ನು ಮಾತ್ರ ನಡೆಯಬಲ್ಲೆವು. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಶಬ್ದಗಳು ಸುಣ್ಣದಲ್ಲಿಯೋ ಸೀಮೆಸುಣ್ಣದಲ್ಲಿಯೋ ಕಾಣಿಸಿಕೊಂಡವು. ರಾತ್ರಿಯ ಹೊತ್ತು ಹೆಣ್ಣು ದೆವ್ವವೊಂದು ಬಂಧುಗಳ ಧ್ವನಿಯಲ್ಲಿ ಕರೆಯುವುದು, ಬಾಗಿಲು ತೆರೆದವರು ಬದುಕುವುದಿಲ್ಲ, ಬರಹವನ್ನು ಓದಿದರೆ ಅದು ಹಿಂದಿರುಗಿ ಮರುದಿನ ಬರುವುದು ಎಂದು ವದಂತಿ. ದೆವ್ವಕ್ಕೆ ಕನ್ನಡ ಓದಲು ಬರುವುದೆಂಬ ಈ ನಂಬಿಕೆಯನ್ನು ಕಂಡು ಭಾಷಾಭಿಮಾನಿಗಳು ಹೆಮ್ಮೆಪಡಬಹುದು; ಆದರೆ ಅದರ ಹಿಂದಿದ್ದ ಭೀತಿಯು ನಗುವಂತಹುದಾಗಿರಲಿಲ್ಲ. ಮಾಟಮಂತ್ರಗಳ ಹೆಸರಿನಲ್ಲಿ ಬಡವರನ್ನೂ ಒಂಟಿ ಹೆಂಗಸರನ್ನೂ ಹಿಂಸಿಸಿದ ದೃಷ್ಟಾಂತಗಳಿರುವುದರಿಂದಲೇ 2017ರಲ್ಲಿ ನಮ್ಮ ವಿಧಾನಮಂಡಲವು ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯಿದೆಯನ್ನು ಮಾಡಿತು. ಅದು 2020ರಲ್ಲಿ ಜಾರಿಗೆ ಬಂದಿತು.

ಆದುದರಿಂದ ಭಯಾನಕ ಕಥೆಗಳಲ್ಲಿ ಎರಡು ಜಾತಿಗಳನ್ನು ನಾವು ಬೇರ್ಪಡಿಸುವೆವು. ದೆವ್ವವನ್ನು ಕಥೆಯ ಉಪಕರಣವಾಗಿಟ್ಟುಕೊಂಡು ಮನುಷ್ಯನ ಲೋಭ, ಪಾಪಪ್ರಜ್ಞೆ, ಒಂಟಿತನಗಳನ್ನು ತೋರಿಸುವುದು ಒಂದು. ಇದೆಲ್ಲವೂ ಸತ್ಯವೆಂದು, ಪಕ್ಕದ ಬೀದಿಯ ಮುದುಕಿಯ ಮೇಲೆ ಸಂಶಯಪಡಿರೆಂದು ವಾಚಕನ ಕಿವಿಯಲ್ಲಿ ಊದುವುದು ಇನ್ನೊಂದು. ಮೊದಲನೆಯದು ಮನಸ್ಸಿಗೆ ವ್ಯಾಯಾಮ. ಎರಡನೆಯದು ಮನಸ್ಸಿಗೆ ರೋಗ. ನಮ್ಮ ವಾಚಕರು ಈ ಭೇದವನ್ನು ಬಲ್ಲವರು. ಆದರೆ ಎಲ್ಲ ಮನೆಗಳಲ್ಲಿಯೂ ಬಲ್ಲವರೇ ಇರುವರೆಂದು ಗ್ರಂಥಕರ್ತರು ಭಾವಿಸಲಾಗದು.

ಇದಕ್ಕಿಂತ ಗುರುತರವಾದ ಎಚ್ಚರಿಕೆಯು ಐತಿಹಾಸಿಕ ಕಾದಂಬರಿಯಲ್ಲಿ ಬೇಕು. ದೆವ್ವದ ಕಥೆಯನ್ನು ನಂಬುವವರು ಕೆಲವರು. ಇತಿಹಾಸದ ಕಥೆಯನ್ನು ನಂಬದಿರುವವರು ಕೆಲವರು. ಇತಿಹಾಸದ ದಪ್ಪ ಗ್ರಂಥವನ್ನು ತೆರೆಯದ ಸಾವಿರಾರು ಜನರು ಕಾದಂಬರಿಯಿಂದಲೇ ತಮ್ಮ ಪೂರ್ವಜರನ್ನು ಅರಿಯುವರು. ಎಸ್.ಎಲ್. ಭೈರಪ್ಪನವರ ‘ಆವರಣ’ವು 2007ರಲ್ಲಿ ಹೊರಬಂದಾಗ ಎದ್ದ ಪರವಿರೋಧಗಳ ಬಿರುಗಾಳಿಯು ಪುಸ್ತಕಪ್ರಪಂಚವನ್ನು ದಾಟಿ ಬೀದಿಯ ಮಾತಾಯಿತು. ಆ ವಿವಾದದ ತೀರ್ಪನ್ನು ಇಲ್ಲಿ ಕೊಡುವುದು ನಮ್ಮ ಉದ್ದೇಶವಲ್ಲ. ಕಾದಂಬರಿಯೊಂದಕ್ಕೆ ಎಷ್ಟು ಬಲವಿದೆಯೆಂಬುದನ್ನು ತೋರಿಸುವುದಷ್ಟೇ ಉದ್ದೇಶ. ಪುಸ್ತಕವನ್ನು ತೆರೆಯದೆ ಹೊಗಳಿದವರೂ ತೆರೆಯದೆ ತೆಗಳಿದವರೂ ಆಗ ಧಾರಾಳವಾಗಿದ್ದರು.

ಶಿವಾಜಿನಗರದ ಒಂದೇ ಬೀದಿಯಲ್ಲಿ ಉರ್ದು, ತಮಿಳು, ಕನ್ನಡ, ತೆಲುಗುಗಳನ್ನಾಡುವ ಜನರು ಬದುಕುತ್ತಿರುವರು. ಸಂತ ಮೇರಿಯವರ ದೇವಾಲಯದ ಉತ್ಸವಕ್ಕೆ ಬರುವವರೆಲ್ಲರೂ ಕ್ರೈಸ್ತರಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳುವವರು ಅಂಗಡಿಯವನ ಮತವನ್ನು ಕೇಳುವುದಿಲ್ಲ. ಇಂತಹ ನೆರೆಹೊರೆಯಲ್ಲಿ ಮುನ್ನೂರು ವರ್ಷಗಳ ಹಿಂದಿನ ಒಂದು ಕೊಲೆಯನ್ನು ಯಾರ ತಲೆಗೆ ಕಟ್ಟುವಿರಿ ಎಂಬುದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ದಾಖಲೆಯಲ್ಲಿರುವ ಕ್ರೌರ್ಯವನ್ನು ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ದಾಖಲೆಯು ಎಲ್ಲಿ ಮುಗಿಯಿತು, ಕಲ್ಪನೆಯು ಎಲ್ಲಿ ಆರಂಭವಾಯಿತು ಎಂಬ ಗಡಿಕಲ್ಲನ್ನು ಗ್ರಂಥಕರ್ತರು ನೆಡಬೇಕೆಂದು ಮಾತ್ರ ಹೇಳುವೆವು. ಗಣೇಶಯ್ಯನವರು ತಮ್ಮ ಪುಸ್ತಕಗಳಲ್ಲಿ ಆಧಾರಗಳನ್ನೂ ಚಿತ್ರಗಳನ್ನೂ ಕೊಡುವ ಪದ್ಧತಿಯು ಈ ದೃಷ್ಟಿಯಿಂದ ಅನುಕರಣೀಯವಾದುದು. ಕಥೆಯ ಓಟಕ್ಕೆ ಅದರಿಂದ ಕುಂದೇನೂ ಬಂದಿಲ್ಲ.

ನಮ್ಮ ನೆಲದ ಕಥೆಯನ್ನು ನಾವು ಬರೆಯದಿದ್ದರೆ ಪರರು ಬರೆಯುವರೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಐತಿಹಾಸಿಕ ಕಾದಂಬರಿಯ ಪಿತಾಮಹನೆನಿಸಿದ ಸರ್ ವಾಲ್ಟರ್ ಸ್ಕಾಟನು ಹಿಂದೂದೇಶವನ್ನು ಕಣ್ಣಾರೆ ಕಂಡವನಲ್ಲ. ಆದರೂ 1827ರಲ್ಲಿ ಪ್ರಕಟಿಸಿದ ‘ಸರ್ಜನ್ಸ್ ಡಾಟರ್’ ಎಂಬ ಕಥೆಯ ಕೊನೆಯನ್ನು ಬೆಂಗಳೂರಿನಲ್ಲಿ ನಡೆಯಿಸಿದನು: ಫಕೀರನ ವೇಷದಲ್ಲಿದ್ದ ಹೈದರನು ನಿಜರೂಪವನ್ನು ತೋರಿ, ದ್ರೋಹಿಯನ್ನು ಆನೆಯ ಕಾಲಿಗೆ ಗುರಿಮಾಡುವನು. ಸುರಪುರದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನು 1840ರಲ್ಲಿ ಟಿಪ್ಪುವನ್ನು ಕುರಿತು ಕಾದಂಬರಿಯನ್ನು ಬರೆದನು. 1896ರಲ್ಲಿ ದಂಡಿನ ಪ್ರದೇಶಕ್ಕೆ ಬಂದ ತರುಣ ಸೈನ್ಯಾಧಿಕಾರಿ ವಿನ್ಸ್ಟನ್ ಚರ್ಚಿಲ್ಲನು ಇಲ್ಲಿಯ ಬಂಗಲೆಯಲ್ಲಿ ಕುಳಿತು ‘ಸಾವ್ರೋಲಾ’ ಎಂಬ ತನ್ನ ಏಕಮಾತ್ರ ಕಾದಂಬರಿಯನ್ನು ಆರಂಭಿಸಿದನು. ಅದು ಲಾರೇನಿಯವೆಂಬ ಕಲ್ಪಿತ ರಾಜ್ಯದ ದಂಗೆಯ ಕಥೆ. ಅದನ್ನು ಓದಬೇಡಿರೆಂದು ಗೆಳೆಯರಿಗೆ ಹೇಳುತ್ತಿದ್ದುದಾಗಿ ಮುಂದೆ ಅವನೇ ಬರೆದುಕೊಂಡನು. ದಂಡಿನಲ್ಲಿ ಕುಳಿತವನಿಗೆ ಇಲ್ಲದ ದೇಶವು ಕಂಡಿತು. ಕಿಟಕಿಯ ಹೊರಗಿದ್ದ ಹಲಸೂರು ಕಾಣಲಿಲ್ಲ.

ಆ ಕಿಟಕಿಯ ಹೊರಗೆ ಇದ್ದುದು ಅಲ್ಪವಲ್ಲ. 1791ನೆಯ ಮಾರ್ಚಿ 7ರಂದು ಕಾರ್ನವಾಲೀಸನ ಸೈನ್ಯವು ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಆ ಕಾಳಗದಲ್ಲಿ ಮೂರ್‌ಹೌಸನೆಂಬ ಆಂಗ್ಲ ಸೇನಾನಿಯು ಬಿದ್ದನು. ಅದೇ ತಿಂಗಳ 21ರ ರಾತ್ರಿ ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತ ಮಡಿದನು. ಆ ಎರಡು ವಾರಗಳು ಪೇಟೆಯ ನೇಕಾರನಿಗೂ ಹಲಸೂರಿನ ತೋಟಗಾರನಿಗೂ ಹೇಗೆ ಕಳೆದುವೆಂಬುದನ್ನು ಹೇಳುವ ಕನ್ನಡ ಕಾದಂಬರಿಯು ನಮ್ಮ ಕಣ್ಣಿಗೆ ಬಿದ್ದಿಲ್ಲ. 1898ರಲ್ಲಿ ಪ್ಲೇಗು ಬಂದು ಊರನ್ನು ಬರಿದುಮಾಡಿತು. ಆ ಮಾರಿಯ ತರುವಾಯವೇ ದಂಡಿನಲ್ಲಿ ಫ್ರೇಜರ್ ಟೌನು ಹುಟ್ಟಿತು. ಬೀಗ ಹಾಕಿದ ಮನೆಗಳ ಬೀದಿ, ಬಯಲಿನ ಗುಡಿಸಲು, ಮಾರಮ್ಮನ ಗುಡಿಯ ಮುಂದಿನ ದೀಪ: ಭಯಾನಕ ಕಥೆಗೆ ಇದಕ್ಕಿಂತ ಬೇರೆ ಸಾಮಗ್ರಿಯು ಬೇಕೇ? ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಗುಡಿಯಲ್ಲಿ ಶಾಸನಗಳಿವೆ. ಇಂದಿರಾನಗರದಿಂದ ಅಲ್ಲಿಗೆ ನಡೆದೇ ಹೋಗಬಹುದು.

ಈ ಭಾಗವನ್ನು ಕನ್ನಡ ಕಾದಂಬರಿಯು ಮುಟ್ಟಿಯೇ ಇಲ್ಲವೆನ್ನಲಾಗದು. ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ನೇಮಿಚಂದ್ರ ಅವರು 2007ರಲ್ಲಿ ‘ಯಾದ್ ವಶೇಮ್’ ಎಂಬ ಕೃತಿಯನ್ನು ಕೊಟ್ಟರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದ್ಯ ಬಾಲಕಿಯ ಕಥೆಯದು. ಯೂರೋಪಿನ ಮಹಾಸಂಹಾರದ ಒಂದು ಎಳೆಯು ನಮ್ಮ ಊರಿನ ಗೋರಿಯೊಂದಕ್ಕೆ ಗಂಟುಬಿದ್ದಿರಬಹುದೆಂದು ತೋರಿಸಿದ ಈ ಕೃತಿಯನ್ನು ಪೂರ್ವ ಬೆಂಗಳೂರಿನ ಪ್ರತಿಯೊಬ್ಬ ಕನ್ನಡಿಗನೂ ಓದತಕ್ಕದ್ದು. ಲೋಕವನ್ನು ತಂದು ಮನೆಯಂಗಳದಲ್ಲಿ ನಿಲ್ಲಿಸುವುದು ಹೀಗೆ.

ಉಳಿದುದು ಮೂರನೆಯ ಪ್ರಶ್ನೆ: ಪುಸ್ತಕಗಳು ಕಣ್ಣಿಗೆ ಬೀಳವೇಕೆ? ದಂಡಿನ ಪ್ರದೇಶವು 1947ನೆಯ ಜುಲೈ 26ರವರೆಗೆ ಆಂಗ್ಲರ ಆಡಳಿತದಲ್ಲಿತ್ತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಪೌರಸಭೆಯ ಕೆಳಗೆ ಬಂದವು. ಆಡಳಿತವು ಒಂದಾದರೂ ಪುಸ್ತಕದಂಗಡಿಯ ಹಲಗೆಗಳು ಒಂದಾಗಲಿಲ್ಲ. ಮಹಾತ್ಮಾಗಾಂಧಿ ರಸ್ತೆಯ ಸುತ್ತಮುತ್ತ ಟೋಲ್ಕಿನ್ನನ ಉಂಗುರದ ಕಥೆಯೂ ಹ್ಯಾರಿ ಪಾಟರನ ಏಳು ಸಂಪುಟಗಳೂ ಬಾಗಿಲಲ್ಲಿಯೇ ಸ್ವಾಗತಿಸುವುವು. ಕಂಬಾರರ ಶಿವಾಪುರವನ್ನು ಹುಡುಕಿಕೊಂಡು ಮೂಲೆಗೆ ಹೋಗಬೇಕು. ಪರಭಾಷೆಯ ಪುಸ್ತಕಗಳ ಮೇಲೆ ನಮಗೆ ದ್ವೇಷವಿಲ್ಲ. ಮಾಯಾದಂಡದ ಕಥೆಯಲ್ಲಿ ಮೈಮರೆತ ಬಾಲಕನಿಗೆ ತನ್ನ ಭಾಷೆಯಲ್ಲಿಯೂ ಮಾಯೆಯಿದೆಯೆಂದು ಹೇಳುವವರು ಯಾರೂ ಇಲ್ಲವಲ್ಲಾ ಎಂಬುದೇ ನಮ್ಮ ವ್ಯಸನ.

ಇದಕ್ಕೆ ಉಪಾಯವು ಸರಕಾರದ ಕೈಯಲ್ಲಿಯೂ ಇದೆ, ನಮ್ಮ ಕೈಯಲ್ಲಿಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಮನೆಯ ತೆರಿಗೆಯೊಂದಿಗೆ ಗ್ರಂಥಾಲಯದ ಕರವನ್ನೂ ಪೌರರು ತೆರುತ್ತಿರುವರು. ಕರವನ್ನು ತೆತ್ತವನಿಗೆ ಯಾವ ಪುಸ್ತಕ ಬೇಕೆಂದು ಕೇಳುವ ಹಕ್ಕೂ ಉಂಟು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಶಾಖಾ ಗ್ರಂಥಾಲಯಗಳಲ್ಲಿ ಒಂದೊಂದು ಬೇಡಿಕೆಯ ಪುಸ್ತಕವನ್ನಿಟ್ಟು, ವಾಚಕರು ಬರೆದ ಹೆಸರುಗಳನ್ನು ನೋಡಿ ಖರೀದಿ ಮಾಡಿದರೆ, ಯಾರೂ ಮುಟ್ಟದ ಗ್ರಂಥಗಳು ಧೂಳು ತಿನ್ನುವುದು ತಪ್ಪೀತು. ದೂರವಾಣಿನಗರದಂತಹ ಕಾರ್ಖಾನೆಯ ಬಡಾವಣೆಗಳಲ್ಲಿ ಕನ್ನಡದ ಕೆಲಸ ಮಾಡುವ ಸಂಘಗಳು ರಾಜ್ಯೋತ್ಸವದ ಪಟಾಕಿಗೆ ವೆಚ್ಚಮಾಡುವ ಹಣದಲ್ಲಿ ಒಂದು ಭಾಗವನ್ನು ಕಪಾಟಿಗೆ ತೆಗೆದಿಡಲಿ. ತಂದೆತಾಯಿಗಳು ಮಕ್ಕಳಿಗೆ ವಾರಕ್ಕೊಂದು ಕಥೆಯನ್ನು ಗಟ್ಟಿಯಾಗಿ ಓದಿಹೇಳಲಿ. ಇದಕ್ಕೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ.

ಗಳಗನಾಥರು ಪುಸ್ತಕದ ಗಂಟನ್ನು ಹೆಗಲ ಮೇಲಿಟ್ಟು ನಡೆದ ಕಾಲದಲ್ಲಿ ಕನ್ನಡಕ್ಕೆ ರಾಜ್ಯವಿರಲಿಲ್ಲ, ಕಾಯಿದೆಯಿರಲಿಲ್ಲ, ಕರವೂ ಇರಲಿಲ್ಲ. ವಾಚಕನ ಬಾಗಿಲು ಮಾತ್ರ ಇತ್ತು. ಈಗ ಮೂರೂ ಇವೆ. ಬಾಗಿಲಿಗೆ ಬಂದ ಕನ್ನಡ ಪುಸ್ತಕಕ್ಕೆ ‘ನಾಳೆ ಬಾ’ ಎಂದು ಬರೆದಿಡದಿದ್ದರೆ ಸಾಕು.